ಎಎವಿ ವೆಕ್ಟರ್ ತಯಾರಿ: ಅರ್ಧ ಕೆಲಸ ರಾಯಚೂರಿನಲ್ಲೇ ಮುಗಿಸುವುದು ಹೇಗೆ

ರಾಯಚೂರು ಸೀಮೆಯ ಹತ್ತಿ ಬೆಳೆಗಾರರಿಗೆ ಜೀನು ಸೇರಿಸುವ ಮಾತು ಹೊಸದಲ್ಲ. 2002ರಲ್ಲಿ ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ಸಿಕ್ಕಿತು. ಮಣ್ಣಿನ ಬ್ಯಾಕ್ಟೀರಿಯಾ ಒಂದರ ಜೀನು ಹತ್ತಿ ಗಿಡದೊಳಗೆ ಕುಳಿತು ಕಾಯಿಕೊರಕ ಹುಳುವಿಗೆ ವಿಷ ತಯಾರಿಸುವ ವಿದ್ಯೆ ನಮ್ಮ ಹೊಲಗಳಿಗೆ ಬಂದಿತು. ನರವಿಜ್ಞಾನದ ಪ್ರಯೋಗಾಲಯದಲ್ಲಿ ನಾವು ಮಾಡುವುದು ಅದರ ದಾಯಾದಿ ಕೆಲಸ. ಇಲಿಯ ಮಿದುಳಿನ ಆಯ್ದ ನರಕೋಶಗಳಿಗೆ ಒಂದು ಜೀನನ್ನು ಮುಟ್ಟಿಸುತ್ತೇವೆ. ಅದರಿಂದ ಕೋಶ ಹಸಿರಾಗಿ ಹೊಳೆಯಬಹುದು, ಬೆಳಕು ಬಿದ್ದಾಗ ಚುರುಕಾಗಬಹುದು, ಇಲ್ಲವೇ ತಾನು ಚಟುವಟಿಕೆಯಲ್ಲಿದ್ದಾಗಲೆಲ್ಲ ಮಿನುಗಿ ನಮಗೆ ಸುಳಿವು ಕೊಡಬಹುದು. ಹತ್ತಿಯಲ್ಲಿ ಜೀನು ಬೀಜದಿಂದ ಬೀಜಕ್ಕೆ ಸಾಗುತ್ತದೆ. ಇಲ್ಲಿ ಚುಚ್ಚುಮದ್ದು ಪಡೆದ ಪ್ರಾಣಿಯ ಆ ಕೋಶಗಳಲ್ಲೇ ಉಳಿಯುತ್ತದೆ. ಜೀನನ್ನು ಹೊತ್ತು ತಲುಪಿಸುವುದು ಒಂದು ವೈರಸ್ಸಿನ ಕವಚ. ಅದನ್ನೇ ವೈರಲ್ ವೆಕ್ಟರ್ ಎನ್ನುತ್ತೇವೆ. ಶೀರ್ಷಿಕೆಯ ಎಎವಿ ಅಂಥ ಒಂದು ವೈರಸ್.

ನಾನು ಸಿಂಧನೂರಿನವಳು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಇಂಥ ವೆಕ್ಟರ್‌ಗಳನ್ನು ತಯಾರಿಸುವುದೇ ನನ್ನ ಕೆಲಸ. ರಾಯಚೂರು, ಬಳ್ಳಾರಿ, ಕೊಪ್ಪಳದ ಎಂಎಸ್ಸಿ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಬಂದಾಗ ಮೊದಲು ಕೇಳುವ ಪ್ರಶ್ನೆ ಒಂದೇ: ‘ಮೇಡಂ, ಇದನ್ನೆಲ್ಲ ನಮ್ಮ ಊರಿನಲ್ಲಿ ಮಾಡಲು ಆಗುವುದಿಲ್ಲ ಅಲ್ಲವೇ?’ ಪೂರ್ತಿ ಆಗುವುದಿಲ್ಲ, ನಿಜ. ಅತಿವೇಗದ ಸೆಂಟ್ರಿಫ್ಯೂಜ್ ಎಲ್ಲ ಕಡೆ ಇರುವುದಿಲ್ಲ. ಆದರೆ ವೆಕ್ಟರ್ ತಯಾರಿಯ ಸುಮಾರು ಅರ್ಧ ಭಾಗ ಪ್ಲಾಸ್ಮಿಡ್ ಎಂಬ, ಬ್ಯಾಕ್ಟೀರಿಯಾದೊಳಗೆ ಬೆಳೆಸುವ ಉಂಗುರಾಕಾರದ ಡಿಎನ್‌ಎ ಮೇಲಿನ ಕೆಲಸ. ಅದಕ್ಕೆ ಬ್ಯಾಕ್ಟೀರಿಯಾ ಬೆಳೆಸುವ ಇನ್‌ಕ್ಯುಬೇಟರ್, ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಒಂದು ಜೆಲ್ ಪೆಟ್ಟಿಗೆ, ಡಿಎನ್‌ಎ ನಕಲು ಮಾಡುವ ಒಂದು ಪಿಸಿಆರ್ ಯಂತ್ರ ಸಾಕು. ವೆಕ್ಟರ್ ಕೆಡುವುದು ಹೆಚ್ಚಾಗಿ ಈ ಮೊದಲರ್ಧದಲ್ಲೇ; ಗೊತ್ತಾಗುವುದು ಮಾತ್ರ ತಿಂಗಳುಗಳ ನಂತರ. ಆ ಅರ್ಧವನ್ನು ನೀವು ನಿಮ್ಮ ಊರಿನಲ್ಲೇ ಅಚ್ಚುಕಟ್ಟಾಗಿ ಮುಗಿಸಿ ತಂದರೆ ಉಳಿದದ್ದನ್ನು ಬೆಂಗಳೂರಿನಲ್ಲಿ ಎರಡು ವಾರದಲ್ಲಿ ಮುಗಿಸಬಹುದು.

ಎಲ್ಲಕ್ಕೂ ಮೊದಲು ಅರ್ಜಿ

ಪಿಪೆಟ್ ಹಿಡಿಯುವ ಮುಂಚೆ ಕಾಗದದ ಕೆಲಸ ಶುರುವಾಗಬೇಕು. ಬಿಟಿ ಹತ್ತಿಗೆ ಅನ್ವಯವಾದ ನಿಯಮಗಳೇ, ಅಂದರೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬಂದ 1989ರ ನಿಯಮಗಳೇ, ನಿಮ್ಮ ಟ್ಯೂಬಿಗೂ ಅನ್ವಯಿಸುತ್ತವೆ. ಮರುಜೋಡಣೆ ಮಾಡಿದ ಡಿಎನ್‌ಎ ಜೊತೆ ಕೆಲಸ ಮಾಡುವ ಪ್ರತಿ ಸಂಸ್ಥೆಯಲ್ಲೂ ಸಾಂಸ್ಥಿಕ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಅದರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ನೇಮಿಸಿದ ಒಬ್ಬ ಸದಸ್ಯರೂ ಇರುತ್ತಾರೆ. ನಿಮ್ಮ ಕಾಲೇಜಿನಲ್ಲಿ ಆ ಸಮಿತಿ ಇಲ್ಲದಿದ್ದರೆ, ಸಮಿತಿ ಇರುವ ಸಂಸ್ಥೆಯೊಂದಿಗೆ ಸೇರಿ ಯೋಜನೆ ಬರೆಯಿರಿ. ಪ್ರಾಣಿಗಳ ಮೇಲೆ ಪ್ರಯೋಗವಿದ್ದರೆ ಸಾಂಸ್ಥಿಕ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇರೆಯೇ ಬೇಕು. ವಿದೇಶದಿಂದ ಪ್ಲಾಸ್ಮಿಡ್ ಅಥವಾ ವೆಕ್ಟರ್ ತರಿಸುವುದಾದರೂ ದಾರಿ ಜೈವಿಕ ಸುರಕ್ಷತಾ ಸಮಿತಿಯ ಮೂಲಕವೇ. ಒಪ್ಪಿಗೆ ಬರಲು ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಪ್ರಾಜೆಕ್ಟಿನ ಮೊದಲ ದಿನವೇ ಅರ್ಜಿ ಹೋಗಲಿ. ಒಪ್ಪಿಗೆ ಬರುವವರೆಗೆ ಕುಳಿತು ಓದಲು, ನಕ್ಷೆ ಬರೆಯಲು ಬೇಕಾದಷ್ಟಿದೆ.

ಚೀಲದ ಅಳತೆ ತಿಳಿದು ಅಕ್ಕಿ ತುಂಬಿ

ನರವಿಜ್ಞಾನದಲ್ಲಿ ಇಂದು ಅತಿ ಹೆಚ್ಚು ಬಳಕೆಯಲ್ಲಿರುವುದು ಅಡಿನೋ-ಅಸೋಸಿಯೇಟೆಡ್ ವೈರಸ್, ಚಿಕ್ಕದಾಗಿ ಎಎವಿ. 1965ರಲ್ಲಿ ಇದು ಬೆಳಕಿಗೆ ಬಂದದ್ದು ಅಡಿನೋವೈರಸ್ ಮಾದರಿಗಳಲ್ಲಿ ಬೆರೆತಿದ್ದ ಸಣ್ಣ ಕಣವಾಗಿ. ಅಗಲ ಸುಮಾರು 25 ನ್ಯಾನೋಮೀಟರ್. ಸಹಾಯಕ ವೈರಸ್ ಇಲ್ಲದೆ ತಾನಾಗಿ ಹೆಚ್ಚಿಕೊಳ್ಳಲಾರದು. ಮನುಷ್ಯರಲ್ಲಿ ಇಂಥದೇ ಕಾಯಿಲೆ ತರುತ್ತದೆ ಎಂದು ಗುರುತಾಗಿಲ್ಲ. ನಾವು ಬಳಸುವ ವೆಕ್ಟರಿನಲ್ಲಿ ವೈರಸ್ಸಿನ ಸ್ವಂತ ಜೀನುಗಳನ್ನು ಪೂರ್ತಿ ತೆಗೆದುಹಾಕಿರುತ್ತೇವೆ. ಉಳಿಯುವುದು ಎರಡು ತುದಿಯ ಐಟಿಆರ್ ಎಂಬ ತುಣುಕುಗಳು ಮಾತ್ರ. ಒಂದೊಂದೂ ಡಿಎನ್‌ಎಯ 145 ಅಕ್ಷರ ಉದ್ದ. ಅವೆರಡರ ನಡುವೆ ಏನಿದೆಯೋ ಅದನ್ನು ಕವಚದೊಳಗೆ ತುಂಬಲಾಗುತ್ತದೆ.

ಆ ಕವಚ ಹಿಡಿಯುವುದು ಸುಮಾರು 4,700 ಅಕ್ಷರಗಳನ್ನು. ಕಾರಟಗಿಯ ಅಕ್ಕಿ ಗಿರಣಿಯಲ್ಲಿ 25 ಕಿಲೋ ಚೀಲಕ್ಕೆ 30 ಕಿಲೋ ಸೋನಾ ಮಸೂರಿ ತುಂಬಿದರೆ ಬಾಯಿ ಹೊಲಿಯಲು ಆಗುವುದಿಲ್ಲ. ಇಲ್ಲಿಯೂ ಹಾಗೆಯೇ. ಮಿತಿ ದಾಟಿದರೆ ವೆಕ್ಟರ್ ಕಡಿಮೆ ಸಿಗುತ್ತದೆ, ಸಿಕ್ಕಿದ್ದರಲ್ಲೂ ತುಂಡಾದ ಡಿಎನ್‌ಎ ಇರುತ್ತದೆ. ಆದ್ದರಿಂದ ಮೊದಲು ಕಾಗದದ ಮೇಲೆ ಕೂಡಿಸಿ.

ಒಂದು ಉದಾಹರಣೆ ನೋಡೋಣ. ನರಕೋಶದ ಚಟುವಟಿಕೆಯನ್ನು ಮಿನುಗಿನಲ್ಲಿ ತೋರಿಸುವ ಜಿಕ್ಯಾಂಪ್6 ಎಂಬ ಪ್ರೋಟೀನಿನ ಜೀನು ಸುಮಾರು 1,350 ಅಕ್ಷರ. ಅದನ್ನು ನರಕೋಶಗಳಲ್ಲಷ್ಟೇ ಚಾಲೂ ಮಾಡುವ ಸಿನಾಪ್ಸಿನ್ ಪ್ರೊಮೋಟರ್ ಸುಮಾರು 470. ಪ್ರೋಟೀನ್ ಪ್ರಮಾಣ ಹೆಚ್ಚಿಸಲು ಸೇರಿಸುವ ಡಬ್ಲ್ಯೂಪಿಆರ್‌ಇ ಸುಮಾರು 600. ಜೀನಿನ ಓದು ಮುಗಿಯಿತೆಂದು ಹೇಳುವ ಕೊನೆಯ ಪಾಲಿ-ಎ ಸಂಕೇತ ಸುಮಾರು 225. ಎರಡು ಐಟಿಆರ್ ಸೇರಿ 290. ಒಟ್ಟು 2,935. ಆರಾಮಾಗಿ ಹಿಡಿಯುತ್ತದೆ. ಇದೇ ಲೆಕ್ಕವನ್ನು ಡಿಎನ್‌ಎ ಕತ್ತರಿಸಲು ಸಾಮಾನ್ಯವಾಗಿ ಬಳಸುವ ಕ್ಯಾಸ್9 ಪ್ರೋಟೀನಿನ ಜೀನಿಗೆ ಮಾಡಿ: ಅದೊಂದೇ 4,100 ಅಕ್ಷರ, ಐಟಿಆರ್ ಸೇರಿ 4,390. ಪ್ರೊಮೋಟರಿಗೂ ಪಾಲಿ-ಎ ಸಂಕೇತಕ್ಕೂ ಮುನ್ನೂರು ಚಿಲ್ಲರೆ ಅಕ್ಷರ ಮಾತ್ರ ಉಳಿಯುತ್ತದೆ. ಹಾಗಾಗಿಯೇ ಹಲವರು ಕ್ಯಾಸ್9 ಅನ್ನು ಒಂದು ವೆಕ್ಟರಿನಲ್ಲೂ ಅದಕ್ಕೆ ಕತ್ತರಿಸುವ ಜಾಗ ತೋರಿಸುವ ಗೈಡ್ ಆರ್‌ಎನ್‌ಎಯನ್ನು ಇನ್ನೊಂದರಲ್ಲೂ ಇಡುತ್ತಾರೆ, ಇಲ್ಲವೇ ಬೇರೆ ಬ್ಯಾಕ್ಟೀರಿಯಾದಿಂದ ಬಂದ ಸಣ್ಣ ಕ್ಯಾಸ್9 ಆರಿಸುತ್ತಾರೆ. ಹತ್ತು ನಿಮಿಷದ ಈ ಕೂಡಿಕೆ ಮಾಡದೆ ಆರು ತಿಂಗಳು ಕಳೆದುಕೊಂಡವರನ್ನು ನೋಡಿದ್ದೇನೆ.

ಉದ್ದದ ಜೀನು ಬೇಕೇ ಬೇಕೆಂದರೆ ಲೆಂಟಿವೈರಸ್ ವೆಕ್ಟರ್ ಇದೆ. ಅದು ಸುಮಾರು ಎರಡು ಪಟ್ಟು ಹಿಡಿಯುತ್ತದೆ. 2005ರಲ್ಲಿ ನರಕೋಶಗಳನ್ನು ಬೆಳಕಿನಿಂದ ಚುರುಕುಗೊಳಿಸಿದ ಚಾನೆಲ್‌ರೊಡಾಪ್ಸಿನ್ ಪ್ರಯೋಗದಲ್ಲಿ ಬಳಸಿದ್ದು ಅದನ್ನೇ. ಆದರೆ ಅದು ಕೋಶದ ವರ್ಣತಂತುವಿನೊಳಗೇ ಹೋಗಿ ಕೂರುತ್ತದೆ. ಎಎವಿ ಬಹುಪಾಲು ಹೊರಗೆ ಬೇರೆಯಾಗಿ ಉಳಿಯುತ್ತದೆ. ಲೆಂಟಿವೈರಸ್ ಜೊತೆ ಕೆಲಸಕ್ಕೆ ಬೇಕಾದ ಸುರಕ್ಷತಾ ಮಟ್ಟವೂ ಹೆಚ್ಚು. ಹೊಸಬರಿಗೆ ಎಎವಿಯೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಕವಚದ ಬಗೆ, ಅಂದರೆ ಸೀರೋಟೈಪ್. ಚುಚ್ಚಿದ ಜಾಗದ ಸುತ್ತ ಸ್ವಲ್ಪವೇ ಹರಡಬೇಕೆಂದರೆ 2ನೆಯದು. ಹೆಚ್ಚು ಹರಡಬೇಕೆಂದರೆ 1, 5, 8, 9 ಇವುಗಳಲ್ಲಿ ಒಂದು. ನರಕೋಶದ ಉದ್ದನೆಯ ಎಳೆಯ ತುದಿಯಿಂದ ಹಿಂದಕ್ಕೆ ಸಾಗಿ ಕೋಶದ ಒಡಲು ಸೇರಬೇಕೆಂದರೆ 2016ರಲ್ಲಿ ಪ್ರಕಟವಾದ ‘ರೆಟ್ರೋ’ ಎಂಬ ಬಗೆ. ಹೊಸದಾಗಿ ಬಂದದ್ದೇ ಒಳ್ಳೆಯದೆಂದು ಹಾರಬೇಡಿ. ರಕ್ತದ ಮೂಲಕ ಮಿದುಳು ಸೇರುವಂತೆ ರೂಪಿಸಿದ ಪಿಎಚ್‌ಪಿ.ಇಬಿ ಎಂಬ ಕವಚ ಕೆಲವು ತಳಿಯ ಇಲಿಗಳಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತದೆ, ಇನ್ನು ಕೆಲವು ತಳಿಗಳಲ್ಲಿ ಮಿದುಳನ್ನೇ ಮುಟ್ಟುವುದಿಲ್ಲ. ಅದು ಹಿಡಿದುಕೊಳ್ಳುವ ಪ್ರೋಟೀನು ಆ ತಳಿಗಳ ರಕ್ತನಾಳದಲ್ಲಿ ತಕ್ಕ ರೂಪದಲ್ಲಿ ಇರುವುದಿಲ್ಲ. ನಿಮ್ಮ ಪ್ರಾಣಿಯ ತಳಿಯಲ್ಲಿ, ನಿಮ್ಮ ಮಿದುಳಿನ ಭಾಗದಲ್ಲಿ ಯಾರು ಏನು ಬಳಸಿ ಗೆದ್ದಿದ್ದಾರೆ ಎಂದು ಪ್ರಕಟಿತ ಲೇಖನಗಳಲ್ಲಿ ಹುಡುಕಿ, ಅದನ್ನೇ ಆರಿಸಿ.

ಪ್ಲಾಸ್ಮಿಡ್: ಇಲ್ಲಿ ತಾಳ್ಮೆ ಬೇಕು

ಪ್ಲಾಸ್ಮಿಡ್ ಹಂಚುವ ಲಾಭರಹಿತ ಸಂಸ್ಥೆ ಅಡ್‌ಜೀನ್‌ನಿಂದ ತರಿಸಿದರೆ ನಿಮಗೆ ಸಿಗುವುದು ಸಣ್ಣ ಟ್ಯೂಬಿನ ಅಗಾರ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾ. ಅದನ್ನು ತಟ್ಟೆಯ ಮೇಲೆ ಎಳೆದು, ಒಂಟಿ ಕಾಲೊನಿಗಳಿಂದ, ಅಂದರೆ ಒಂದೇ ಬ್ಯಾಕ್ಟೀರಿಯಾದಿಂದ ಬೆಳೆದ ಚುಕ್ಕೆಗಳಿಂದ, ಬೆಳೆಸಬೇಕು. ಎಡವುವುದು ಇಲ್ಲಿಯೇ. ಐಟಿಆರ್ ತುಣುಕು ತನ್ನ ಮೇಲೆ ತಾನೇ ಮಡಚಿಕೊಳ್ಳುವ ಅಕ್ಷರಮಾಲೆ. ಬ್ಯಾಕ್ಟೀರಿಯಾಕ್ಕೆ ಅದು ಕಾಲಿಗೆ ಚುಚ್ಚಿದ ಮುಳ್ಳಿನಂತೆ. ಅವಕಾಶ ಸಿಕ್ಕರೆ ಕಿತ್ತು ಎಸೆಯುತ್ತದೆ. ಅದಕ್ಕಾಗಿ ಡಿಎನ್‌ಎ ಮರುಜೋಡಣೆಯ ಶಕ್ತಿ ಕಡಿಮೆಯಿರುವ ವಿಶೇಷ ತಳಿಯ ಬ್ಯಾಕ್ಟೀರಿಯಾ ಬಳಸುತ್ತೇವೆ ಮತ್ತು 37 ಡಿಗ್ರಿಯ ಬದಲು 30 ಡಿಗ್ರಿಯಲ್ಲಿ ನಿಧಾನವಾಗಿ ಬೆಳೆಸುತ್ತೇವೆ.

30 ಡಿಗ್ರಿ ಎಂದು ಬರೆಯುವುದು ಸುಲಭ. ರಾಯಚೂರಿನ ಏಪ್ರಿಲ್‌ನಲ್ಲಿ ಹೊರಗೆ 42 ಡಿಗ್ರಿ, ಫ್ಯಾನ್ ಮಾತ್ರ ಇರುವ ಪ್ರಯೋಗಾಲಯದೊಳಗೆ 38. ಸಾದಾ ಇನ್‌ಕ್ಯುಬೇಟರ್ ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಅದರ ಗುಂಡಿಯನ್ನು 30ಕ್ಕೆ ತಿರುಗಿಸಿದರೂ ಒಳಗೆ ಇರುವುದು ಕೋಣೆಯ ಬಿಸಿಯೇ. ಬೆಂಗಳೂರಿನಲ್ಲಿ ಬರೆದ ಸೂಚನೆಗಳಲ್ಲಿ ಈ ಮಾತು ಇರುವುದಿಲ್ಲ, ಏಕೆಂದರೆ ಅಲ್ಲಿ ಯಾರಿಗೂ ಈ ಕಷ್ಟ ಬರುವುದಿಲ್ಲ. ತಂಪು ಮಾಡುವ ವ್ಯವಸ್ಥೆಯೂ ಇರುವ ಬಿಒಡಿ ಇನ್‌ಕ್ಯುಬೇಟರ್ ಸೂಕ್ಷ್ಮಜೀವಿ ವಿಭಾಗದಲ್ಲೋ ಪರಿಸರ ವಿಜ್ಞಾನ ವಿಭಾಗದಲ್ಲೋ ಸಾಮಾನ್ಯವಾಗಿ ಇರುತ್ತದೆ. ಅದನ್ನು ಕೇಳಿ ಪಡೆಯಿರಿ. ಒಳಗೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು, ರಾತ್ರಿ ಮತ್ತು ಮಧ್ಯಾಹ್ನ ಎರಡೂ ಹೊತ್ತು ಓದಿ ಬರೆದುಕೊಳ್ಳಿ. ಗಾಜಿನ ಮೇಲೆ ಮಿನುಗುವ ಅಂಕಿಯನ್ನಷ್ಟೇ ನಂಬಬೇಡಿ.

ನಾಲ್ಕು ಕಾಲೊನಿ ಆರಿಸಿ, ನಾಲ್ಕರಿಂದಲೂ ಸ್ವಲ್ಪ ಸ್ವಲ್ಪ ಡಿಎನ್‌ಎ ತೆಗೆಯಿರಿ. ನಂತರದ್ದು ಈ ಲೇಖನದಲ್ಲಿ ನಾನು ಅತ್ಯಂತ ಒತ್ತಿ ಹೇಳಬೇಕೆಂದಿರುವ ಹೆಜ್ಜೆ: ಸ್ಮಾ-1 ಕತ್ತರಿ ಪರೀಕ್ಷೆ. ಸ್ಮಾ-1 ಎಂಬ ಕಿಣ್ವ ಆರು ಅಕ್ಷರದ ಒಂದು ಗುರುತನ್ನು ಹುಡುಕಿ ಕತ್ತರಿಸುತ್ತದೆ. ಆ ಗುರುತು ಐಟಿಆರ್‌ಗಳ ಒಳಗೇ ಇದೆ. ಎರಡೂ ಐಟಿಆರ್ ಸರಿಯಿದ್ದರೆ ಪ್ಲಾಸ್ಮಿಡ್ ಎರಡು ದೊಡ್ಡ ತುಂಡಾಗುತ್ತದೆ. ಒಂದು ಹೋಗಿದ್ದರೆ ಒಂದೇ ಉದ್ದನೆಯ ತುಂಡು. ಕೆಲವು ಪ್ರತಿಗಳಲ್ಲಿ ಇದ್ದು ಕೆಲವುಗಳಲ್ಲಿ ಹೋಗಿದ್ದರೆ ಮೂರು ಪಟ್ಟಿ ಕಾಣುತ್ತವೆ. ನಿಮ್ಮ ಜೀನಿನ ಒಳಗೂ ಸ್ಮಾ-1 ಗುರುತು ಇರಬಹುದು; ಸಿಎಜಿ ಪ್ರೊಮೋಟರಿನಲ್ಲಿ ಇರುವುದುಂಟು. ಆದ್ದರಿಂದ ಮೊದಲು ನಕ್ಷೆಯಲ್ಲಿ ಎಣಿಸಿ, ಯಾವ ಯಾವ ಉದ್ದದ ಪಟ್ಟಿ ಬರಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದು, ಆಮೇಲೆ ಜೆಲ್ ಓಡಿಸಿ. ಈ ಕಿಣ್ವ ಕೆಲಸ ಮಾಡುವುದು 25 ಡಿಗ್ರಿಯಲ್ಲಿ. 37ರಲ್ಲಿ ಬೇಗ ಸತ್ತುಹೋಗುತ್ತದೆ. ಕೋಣೆಯ ಮೇಜಿನ ಮೇಲೆ ಇಟ್ಟರೆ ನಮ್ಮ ಬೇಸಿಗೆಯಲ್ಲಿ ಅರೆಬರೆ ಕತ್ತರಿಸಿ, ಸರಿಯಿರುವ ಪ್ಲಾಸ್ಮಿಡ್ಡನ್ನೂ ಕೆಟ್ಟದ್ದೆಂದು ತೋರಿಸುತ್ತದೆ. ಪಿಸಿಆರ್ ಯಂತ್ರವನ್ನು 25 ಡಿಗ್ರಿಗೆ ನಿಲ್ಲಿಸಿ ಅದರೊಳಗೆ ಇಡಿ.

ಈ ಪರೀಕ್ಷೆಯ ಬೆಲೆ ನನಗೆ ತಿಳಿದದ್ದು ನನ್ನ ಮೊದಲ ವರ್ಷದಲ್ಲಿ. ಅವಸರದಲ್ಲಿ 37 ಡಿಗ್ರಿಯಲ್ಲಿ ಬೆಳೆಸಿದ್ದೆ, ಕತ್ತರಿ ಪರೀಕ್ಷೆ ಬಿಟ್ಟಿದ್ದೆ. ಆ ಪ್ಲಾಸ್ಮಿಡ್ ಹಾಕಿದ ಕೋಶಗಳು ಹಸಿರಾಗಿ ಹೊಳೆದವು, ಎಲ್ಲವೂ ಸರಿಯೆಂದುಕೊಂಡೆ. ಕೊನೆಗೆ ವೆಕ್ಟರ್ ಎಣಿಸಿದಾಗ ಬರಬೇಕಾದ್ದರ ಸಣ್ಣ ಪಾಲೂ ಬಂದಿರಲಿಲ್ಲ. ಹಿಂದಕ್ಕೆ ಹೋಗಿ ಅದೇ ಡಿಎನ್‌ಎ ಕತ್ತರಿಸಿ ಜೆಲ್ಲಿನ ಮೇಲೆ ನೋಡಿದೆ. ಕೆಳಗೆ ಎರಡು ಮಸುಕು ಪಟ್ಟಿ, ಮೇಲೆ ಒಂದು ದಪ್ಪ ಪಟ್ಟಿ. ಆ ದಪ್ಪ ಪಟ್ಟಿಯೇ ಐಟಿಆರ್ ಕಳೆದುಕೊಂಡ ಪ್ಲಾಸ್ಮಿಡ್. ಕೋಶಗಳು ಹೊಳೆಯಲು ಐಟಿಆರ್ ಬೇಕಾಗಿಲ್ಲ, ಕವಚದೊಳಗೆ ಹೋಗಲು ಮಾತ್ರ ಬೇಕು. ಹಸಿರು ಬೆಳಕು ನನಗೆ ಅರ್ಧ ಸತ್ಯ ಹೇಳಿತ್ತು. ಎರಡು ತಿಂಗಳ ಕೆಲಸ ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಸರಿಯಿರುವ ಕಾಲೊನಿಯನ್ನು ಗ್ಲಿಸರಾಲ್‌ನಲ್ಲಿ ಸೇರಿಸಿ ಮೈನಸ್ 80 ಡಿಗ್ರಿಯಲ್ಲಿ ಇಡಿ. ಪ್ರತಿ ಸಲವೂ ಅಲ್ಲಿಂದಲೇ ಬೆಳೆಸಿ, ಪ್ರತಿ ಸಲವೂ ಕತ್ತರಿಸಿ ನೋಡಿ. ಸಾಮಾನ್ಯ ಸ್ಯಾಂಗರ್ ಅಕ್ಷರ ಓದುವಿಕೆ ಐಟಿಆರ್ ಮಡಿಕೆಯ ಬಳಿ ಬಂದು ನಿಂತುಬಿಡುವುದರಿಂದ ಅದನ್ನೇ ನೆಚ್ಚಿಕೊಳ್ಳಲು ಬರುವುದಿಲ್ಲ. ಹೆಚ್ಚಿನ ಪ್ರಮಾಣದ ಡಿಎನ್‌ಎ ತೆಗೆಯುವಾಗ ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯಾದ ವಿಷವನ್ನು ತೆಗೆಯುವ ಕಿಟ್ ಬಳಸಿ. ಶುದ್ಧತೆ ತಿಳಿಯಲು, ಡಿಎನ್‌ಎ 260 ಮತ್ತು 280 ನ್ಯಾನೋಮೀಟರಿನ ಬೆಳಕನ್ನು ಹೀರುವ ಅನುಪಾತ 1.8ರ ಆಸುಪಾಸಿನಲ್ಲಿ ಇರಲಿ.

ಹೀಗೆ ಪರೀಕ್ಷೆಯಾದ ಡಿಎನ್‌ಎ ಸಾಗಿಸಲು ಐಸ್ ಕೂಡ ಬೇಕಿಲ್ಲ. ಶುದ್ಧವಾದ ಪ್ಲಾಸ್ಮಿಡ್ ಒಂದೆರಡು ದಿನ ಹೊರಗಿದ್ದರೂ ಕೆಡುವುದಿಲ್ಲ. ಸಮಿತಿಯ ದಾಖಲೆಯಲ್ಲಿ ನಮೂದಿಸಿ, ಎರಡು ಪದರದ ಡಬ್ಬಿಯಲ್ಲಿ ಹಾಕಿ, ರಾಯಚೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರು. ಜೊತೆಯಲ್ಲಿ ಜೆಲ್ಲಿನ ಚಿತ್ರ ತನ್ನಿ. ಜೆಲ್ ಚಿತ್ರದೊಂದಿಗೆ ಬಂದ ವಿದ್ಯಾರ್ಥಿಯನ್ನು ನಾವು ಮೊದಲ ದಿನವೇ ಕೆಲಸಕ್ಕೆ ಸೇರಿಸಿಕೊಳ್ಳುತ್ತೇವೆ.

ಬೆಂಗಳೂರಿನ ಎರಡು ವಾರ

ಕವಚ ಕಟ್ಟುವ ಕಾರ್ಖಾನೆ ಎಚ್‌ಇಕೆ293 ಎಂಬ ಕೋಶಗಳು. 1973ರಲ್ಲಿ ನೆದರ್‌ಲ್ಯಾಂಡ್ಸಿನ ಲೈಡನ್‌ನಲ್ಲಿ ರೂಪುಗೊಂಡವು. ಇವುಗಳಲ್ಲಿ ಅಡಿನೋವೈರಸ್ಸಿನ ಇ1 ಜೀನುಗಳು ಆಗಲೇ ಇವೆ. ಬೇಕಾದ ಉಳಿದ ಸಹಾಯಕ ಜೀನುಗಳು ಒಂದು ಪ್ಲಾಸ್ಮಿಡ್ಡಿನಲ್ಲಿ, ಕವಚ ಮತ್ತು ನಕಲು ಮಾಡುವ ಜೀನುಗಳು ಎರಡನೆಯದರಲ್ಲಿ, ನಿಮ್ಮ ಜೀನು ಮೂರನೆಯದರಲ್ಲಿ. ಮೂರನ್ನೂ ಪಿಇಐ ಎಂಬ ಪಾಲಿಮರ್ ಜೊತೆ ಕೋಶಗಳಿಗೆ ಹಾಕುತ್ತೇವೆ. ಸಾಮಾನುಗಳನ್ನು ಹೀಗೆ ಮೂರು ಕಡೆ ಹಂಚಿಟ್ಟಿರುವುದರಿಂದಲೇ ಹೊರಬರುವ ವೆಕ್ಟರ್ ಮರಿಹಾಕಲಾರದು.

ಇಲ್ಲಿ ಎಲ್ಲವೂ ನಿಂತಿರುವುದು ಕೋಶಗಳ ಆರೋಗ್ಯದ ಮೇಲೆ. ತಟ್ಟೆಯ ಮುಕ್ಕಾಲು ಭಾಗ ತುಂಬಿರಬೇಕು, ಗುಂಪುಗಟ್ಟಿರಬಾರದು, ಮೈಕೋಪ್ಲಾಸ್ಮಾ ಸೋಂಕು ಇಲ್ಲವೆಂದು ಪರೀಕ್ಷೆಯಾಗಿರಬೇಕು. ಇವು ತಟ್ಟೆಗೆ ಸಡಿಲವಾಗಿ ಅಂಟಿಕೊಳ್ಳುವ ಕೋಶಗಳು. ದ್ರವವನ್ನು ಜೋರಾಗಿ ಸುರಿದರೆ ಕಾಸಿದ ಹಾಲಿನ ಕೆನೆ ಬದಿಗೆ ಸರಿದಂತೆ ಇಡೀ ಪದರ ಎದ್ದುಬರುತ್ತದೆ. ಪಿಪೆಟ್ಟನ್ನು ತಟ್ಟೆಯ ಗೋಡೆಗೆ ತಾಗಿಸಿ, ಹನಿಹನಿಯಾಗಿ ಬಿಡಿ. ಸುಮಾರು 72 ಗಂಟೆಗಳ ನಂತರ ಕೋಶಗಳನ್ನೂ ದ್ರವವನ್ನೂ ಸಂಗ್ರಹಿಸುತ್ತೇವೆ. 2ನೆಯ ಬಗೆಯ ವೆಕ್ಟರ್ ಹೆಚ್ಚಾಗಿ ಕೋಶದೊಳಗೇ ಉಳಿಯುತ್ತದೆ. 8 ಮತ್ತು 9ರಲ್ಲಿ ದೊಡ್ಡ ಪಾಲು ದ್ರವಕ್ಕೆ ಬರುತ್ತದೆ. ಇದು ಗೊತ್ತಿಲ್ಲದೆ ದ್ರವ ಚೆಲ್ಲಿದರೆ ಅರ್ಧ ಫಸಲು ಹೋದಂತೆ.

ಕೋಶ ಒಡೆದು, ಹೊರಗೆ ಉಳಿದ ಡಿಎನ್‌ಎಯನ್ನು ಕಿಣ್ವದಿಂದ ಕರಗಿಸಿದ ಮೇಲೆ ಶುದ್ಧೀಕರಣ. ಅಯೋಡಿಕ್ಸಾನಾಲ್ ಎಂಬ ದಟ್ಟ ದ್ರವದ ನಾಲ್ಕು ಪದರ: ಮೇಲಿನಿಂದ ಕೆಳಕ್ಕೆ ಶೇ 15, 25, 40, 60. ಗಡಿ ಗುರುತಿಸಲು 25 ಮತ್ತು 60ರ ಪದರಕ್ಕೆ ಸ್ವಲ್ಪ ಕೆಂಪು ಬಣ್ಣ ಹಾಕುತ್ತೇವೆ. ಅತಿವೇಗದಲ್ಲಿ ತಿರುಗಿಸಿ ಹೊರತೆಗೆದಾಗ ಟ್ಯೂಬನ್ನು ದೀಪದ ಮುಂದೆ ಹಿಡಿದು ನೋಡಿ. 25 ಮತ್ತು 40ರ ನಡುವೆ ಬಿಳಿಯಾಗಿ ಮೋಡದಂತೆ ಕಾಣುವುದು ಕೋಶದ ಪ್ರೋಟೀನ್ ಕಸ. ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ, ವೈರಸ್ ಅದೇ ಇರಬೇಕೆಂದು. ನಮಗೆ ಬೇಕಾದ್ದು ಅದರ ಕೆಳಗೆ, ಏನೂ ಇಲ್ಲದಂತೆ ತಿಳಿಯಾಗಿ ಕಾಣುವ 40ರ ಪದರದ ತಳದಲ್ಲಿ, 60ರ ಗಡಿಯ ಸಮೀಪ ಇರುತ್ತದೆ. ಸೂಜಿಯ ಬಾಯಿ ಮೇಲ್ಮುಖವಾಗಿರಲಿ. ಬಿಳಿ ಪಟ್ಟಿ ಸೂಜಿಯ ಹತ್ತಿರ ಇಳಿಯುವ ಮೊದಲೇ ನಿಲ್ಲಿಸಿ. ನಾಲ್ಕು ಹನಿಯ ಆಸೆಗೆ ಕಸ ಎಳೆದುಕೊಂಡರೆ ಆ ಕಸ ನರಕೋಶಗಳ ಪಕ್ಕದಲ್ಲಿ ಉರಿಯೂತ ಎಬ್ಬಿಸುತ್ತದೆ. ಇದರ ನಂತರ ಫಿಲ್ಟರಿನಲ್ಲಿ ಬಫರ್ ಬದಲಾಯಿಸಿ ಸಾಂದ್ರಗೊಳಿಸಿದರೆ ವೆಕ್ಟರ್ ಸಿದ್ಧ.

ತ್ಯಾಜ್ಯದ ಬಗ್ಗೆ ಒಂದು ಎಚ್ಚರಿಕೆ: ಎಎವಿಗೆ ಕೊಬ್ಬಿನ ಹೊದಿಕೆ ಇಲ್ಲ. ಆದ್ದರಿಂದ ಆಲ್ಕೊಹಾಲ್ ಒರೆಸಿದರೆ ಅದು ನಾಶವಾಯಿತೆಂದು ತಿಳಿಯಬೇಡಿ. ಅಂದಂದೇ ತಯಾರಿಸಿದ ಶೇ 10ರ ಬ್ಲೀಚ್ ದ್ರಾವಣ ಬೇಕು, ಗಟ್ಟಿ ತ್ಯಾಜ್ಯಕ್ಕೆ 121 ಡಿಗ್ರಿಯ ಆಟೋಕ್ಲೇವ್.

ಎಣಿಕೆ

ಕೋವಿಡ್ ಕಾಲದಲ್ಲಿ ನಮ್ಮ ಮೂರೂ ಜಿಲ್ಲೆಗಳ ವೈದ್ಯಕೀಯ ಕಾಲೇಜುಗಳಿಗೆ ಆರ್‌ಟಿ-ಪಿಸಿಆರ್ ಯಂತ್ರಗಳು ಬಂದವು. ವೆಕ್ಟರ್ ಎಣಿಸಲು ಬೇಕಾದ ಯಂತ್ರವೂ ಅದೇ. ಆದ್ದರಿಂದ ಈ ಹೆಜ್ಜೆಯನ್ನು ಊರಿನಲ್ಲೇ ಅಭ್ಯಾಸ ಮಾಡಬಹುದು, ಪ್ಲಾಸ್ಮಿಡ್ ಇಟ್ಟುಕೊಂಡು.

ಮೊದಲು ಡಿಎನ್‌ಏಸ್ ಕಿಣ್ವ ಹಾಕಿ ಕವಚದ ಹೊರಗಿನ ಡಿಎನ್‌ಎ ಕರಗಿಸಿ. ಹೊರಗೆ ಉಳಿದ ಪ್ಲಾಸ್ಮಿಡ್ ಕೂಡ ಎಣಿಕೆಗೆ ಸೇರಿದರೆ ಅಂಕಿ ಉಬ್ಬುತ್ತದೆ. ಆ ಕಿಣ್ವವನ್ನು ನಿಷ್ಕ್ರಿಯಗೊಳಿಸಿ, ಕವಚ ಒಡೆದು, ಒಳಗಿನ ಪ್ರತಿಗಳನ್ನು ಎಣಿಸಿ. ಹೋಲಿಕೆಗೆ ಬಳಸುವ ಪ್ಲಾಸ್ಮಿಡ್ ವೃತ್ತಾಕಾರವಾಗಿ ಸುರುಳಿ ಸುತ್ತಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ. ಮೊದಲೇ ಕತ್ತರಿಸಿ ನೇರ ಮಾಡಿಕೊಳ್ಳಿ. ಬೇರೆ ಬೇರೆ ಪ್ರಯೋಗಾಲಯದ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬೇಡಿ. ಐಟಿಆರ್ ಎಣಿಸುವವರಿಗೂ ಡಬ್ಲ್ಯೂಪಿಆರ್‌ಇ ಎಣಿಸುವವರಿಗೂ ಬೇರೆ ಬೇರೆ ಸಂಖ್ಯೆ ಬರುತ್ತದೆ. ಶುದ್ಧತೆಗೆ ಒಂದು ಪ್ರೋಟೀನ್ ಜೆಲ್ ಸಾಕು: ಸುಮಾರು 87, 73, 62 ಕಿಲೋಡಾಲ್ಟನ್ ಜಾಗದಲ್ಲಿ ಕವಚದ ಮೂರು ಪ್ರೋಟೀನು, ಕೆಳಗಿನದು ಎಲ್ಲಕ್ಕಿಂತ ದಪ್ಪ. ಬೇರೆ ಪಟ್ಟಿಗಳು ತುಂಬಿದ್ದರೆ ಮತ್ತೆ ಶುದ್ಧೀಕರಿಸಿ.

ಈಗ ಕೈಲೆಕ್ಕ. ನಿಮ್ಮ ವೆಕ್ಟರ್ ಪ್ರತಿ ಮಿಲಿಲೀಟರಿಗೆ 2 × 10¹³ ಪ್ರತಿ ಎಂದುಕೊಳ್ಳಿ. ಹತ್ತು ಪಟ್ಟು ತೆಳು ಮಾಡಿದರೆ 2 × 10¹². ಅಂದರೆ ಒಂದು ಮೈಕ್ರೋಲೀಟರಿನಲ್ಲಿ 2 × 10⁹. ಇಲಿಯ ಮಿದುಳಿಗೆ 300 ನ್ಯಾನೋಲೀಟರ್ ಕೊಟ್ಟರೆ 6 × 10⁸ ಪ್ರತಿ. ಹೆಚ್ಚು ಕೊಟ್ಟರೆ ಒಳ್ಳೆಯದೆಂಬ ಭಾವನೆ ಬಿಡಿ. ಅತಿಯಾದರೆ ನರಕೋಶ ಸಾಯುತ್ತದೆ, ಸಾಯದಿದ್ದರೂ ಸಹಜವಾಗಿ ವರ್ತಿಸುವುದಿಲ್ಲ. ಒಂದೇ ಬಗೆಯ ಪ್ರಾಣಿಗಳಲ್ಲಿ ಮೂರು ಸಾಂದ್ರತೆ ಕೊಟ್ಟು ನೋಡಿ, ಕೆಲಸಕ್ಕೆ ಬರುವ ಅತಿ ಕಡಿಮೆಯದನ್ನು ಆರಿಸಿ. ಪ್ರತಿ ಗುಂಪಿಗೂ ಅದೇ ಕವಚದ, ಅದೇ ಸಾಂದ್ರತೆಯ, ಬರೀ ಹಸಿರು ಪ್ರೋಟೀನ್ ಹೊತ್ತ ವೆಕ್ಟರಿನ ಹೋಲಿಕೆ ಗುಂಪು ಇರಲೇಬೇಕು. ಅದು ಇಲ್ಲದಿದ್ದರೆ ಕಂಡ ಬದಲಾವಣೆ ಜೀನಿನದೋ ವೈರಸ್ಸಿನದೋ ಹೇಳಲು ಬರುವುದಿಲ್ಲ.

ಸಾಗಾಟ, ಸಂಗ್ರಹ

ಸಿದ್ಧ ವೆಕ್ಟರನ್ನು 5 ಅಥವಾ 10 ಮೈಕ್ರೋಲೀಟರಿನ ಪಾಲುಗಳಾಗಿ ಹಂಚಿ ಮೈನಸ್ 80ರಲ್ಲಿ ಇಡಿ. ಒಮ್ಮೆ ಕರಗಿಸಿದ ಪಾಲನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. 4 ಡಿಗ್ರಿಯಲ್ಲಿಟ್ಟು ಕೆಲವು ದಿನಗಳೊಳಗೆ ಬಳಸಿ. ವೆಕ್ಟರ್ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ಕಡಿಮೆ ಅಂಟುವ ಟ್ಯೂಬ್ ಮತ್ತು ಬಫರಿನಲ್ಲಿ ಶೇ 0.001 ಪ್ಲುರೋನಿಕ್ ಎಂಬ ಸೋಪಿನಂಥ ವಸ್ತು ಇದ್ದರೆ ನಷ್ಟ ಕಡಿಮೆ.

ನಿಮ್ಮ ಸಂಸ್ಥೆಯಲ್ಲಿ ಅನುಮತಿ ಇದ್ದು ವೆಕ್ಟರನ್ನು ಊರಿಗೆ ತರಿಸುವುದಾದರೆ ಡ್ರೈ ಐಸ್ ಬೇಕು. ಅದು ಮೈನಸ್ 78.5 ಡಿಗ್ರಿ, ಕರಗಿ ನೀರಾಗುವುದಿಲ್ಲ, ಆವಿಯಾಗಿ ಹೋಗುತ್ತದೆ. ಒಂದು ಮೇ ತಿಂಗಳಲ್ಲಿ ನಾವು ಕಳಿಸಿದ ಪೆಟ್ಟಿಗೆ ಕೊರಿಯರ್ ಗೋದಾಮಿನಲ್ಲಿ ಶನಿವಾರದಿಂದ ಸೋಮವಾರದವರೆಗೆ ಉಳಿಯಿತು. ತೆರೆದಾಗ ಥರ್ಮೋಕೋಲ್ ಒಣಗಿತ್ತು, ಟ್ಯೂಬಿನ ಹನಿ ನೀರಿನಂತೆ ಆಡುತ್ತಿತ್ತು. ಅಂದಿನಿಂದ ಸೋಮವಾರ ಅಥವಾ ಮಂಗಳವಾರವೇ ಕಳಿಸುತ್ತೇವೆ, ಅಳತೆಗಿಂತ ಎರಡು ಪಟ್ಟು ಡ್ರೈ ಐಸ್ ಹಾಕುತ್ತೇವೆ, ಪಡೆಯುವವರು ಪೆಟ್ಟಿಗೆ ತೆರೆದ ಕೂಡಲೇ ಫೋಟೋ ಕಳಿಸಬೇಕೆಂದು ಕೇಳಿಕೊಳ್ಳುತ್ತೇವೆ. ಪೆಟ್ಟಿಗೆಗೆ ಆವಿ ಹೊರಹೋಗುವ ಕಿಂಡಿ ಇರಲಿ, ಇಲ್ಲದಿದ್ದರೆ ಸಿಡಿಯುತ್ತದೆ. ಕಿಟಕಿ ಮುಚ್ಚಿದ ಕಾರಿನಲ್ಲಿ ಇಟ್ಟುಕೊಂಡು ಪ್ರಯಾಣಿಸಬೇಡಿ. ಇಂಗಾಲದ ಡೈಆಕ್ಸೈಡ್ ತುಂಬಿ ಉಸಿರುಗಟ್ಟುತ್ತದೆ. ಟ್ಯೂಬಿನ ಮುಚ್ಚಳವನ್ನು ಪ್ಯಾರಾಫಿಲ್ಮಿನಿಂದ ಸುತ್ತಿರಿ. ಆ ಅನಿಲ ಒಳಗೆ ಸೇರಿದರೆ ದ್ರವ ಆಮ್ಲೀಯವಾಗುತ್ತದೆ. ಕರೆಂಟು ಹೋದಾಗ ಡೀಪ್ ಫ್ರೀಜರ್ ಬಾಗಿಲು ತೆರೆಯಬಾರದೆಂದು ದೊಡ್ಡ ಅಕ್ಷರದ ಚೀಟಿ ಅಂಟಿಸಿ.

ಇಲ್ಲೊಂದು ಮಾತು ಹೇಳಲೇಬೇಕು. ಊರಿಗೆ ಹೋದಾಗ ನಮ್ಮ ಬೀದಿಯ ಅಜ್ಜಿಯೊಬ್ಬರು ಕೈಹಿಡಿದು ಕೇಳಿದರು: ‘ಮೊಮ್ಮಗನಿಗೆ ಮೂರ್ಛೆ ಬರುತ್ತದೆ ತಾಯಿ, ನೀನು ಮಾಡುವ ಆ ಮದ್ದು ಅವನಿಗೆ ಆಗುತ್ತದೆಯೇ?’ ಆಗುವುದಿಲ್ಲ ಅಜ್ಜಿ, ನರರೋಗ ತಜ್ಞರು ಕೊಟ್ಟ ಮಾತ್ರೆ ಒಂದು ದಿನವೂ ತಪ್ಪಿಸಬೇಡಿ ಎಂದೆ. ನಾವು ತಯಾರಿಸುವುದು ಸಂಶೋಧನೆಯ ವೆಕ್ಟರ್. ಅದನ್ನು ಯಾವ ಮನುಷ್ಯನಿಗೂ ಕೊಡುವಂತಿಲ್ಲ. ಆದರೆ ಇದೇ ಕವಚಗಳಿಂದ ಬೇರೆಯದೇ ಕಟ್ಟುನಿಟ್ಟಿನ ಕಾರ್ಖಾನೆಗಳಲ್ಲಿ ತಯಾರಾದ ಔಷಧಗಳು ಬಂದಿವೆ. ಮಕ್ಕಳ ಬೆನ್ನುಹುರಿಯ ಸ್ನಾಯುಕ್ಷಯಕ್ಕೆ ಎಎವಿ9 ಬಳಸಿದ ಔಷಧಕ್ಕೆ 2019ರಲ್ಲಿ ಅಮೆರಿಕದಲ್ಲಿ, ಎಎಡಿಸಿ ಕಿಣ್ವದ ಕೊರತೆಯ ಮಕ್ಕಳಿಗೆ ನೇರವಾಗಿ ಮಿದುಳಿಗೇ ಕೊಡುವ ಎಎವಿ2 ಔಷಧಕ್ಕೆ 2022ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. ನಿಮ್ಮ ಊರಿನಲ್ಲೂ ಯಾರಾದರೂ ಹೀಗೆ ಕೇಳಿಯೇ ಕೇಳುತ್ತಾರೆ. ಎರಡರ ವ್ಯತ್ಯಾಸವನ್ನು ಸ್ಪಷ್ಟವಾಗಿ, ಮೃದುವಾಗಿ ಹೇಳುವುದನ್ನು ಕಲಿಯಿರಿ.

ಹೊಳಪು ಕಾಣದಿದ್ದರೆ

ಮಿದುಳಿಗೆ ವೆಕ್ಟರ್ ಕೊಡುವ ಶಸ್ತ್ರಕ್ರಿಯೆಯನ್ನು ಲೇಖನ ಓದಿ ಕಲಿಯಲು ಬರುವುದಿಲ್ಲ. ಒಪ್ಪಿಗೆ ಪಡೆದ ಪ್ರಾಣಿಗೃಹದಲ್ಲಿ, ತರಬೇತಾದವರ ಪಕ್ಕದಲ್ಲಿ ನಿಂತೇ ಕಲಿಯಬೇಕು. ಕೊಟ್ಟ ಮರುದಿನ ಏನೂ ಕಾಣುವುದಿಲ್ಲ ಎಂಬುದು ಮಾತ್ರ ನೆನಪಿರಲಿ. ಎಎವಿ ಒಳಗಿರುವುದು ಒಂಟಿ ಎಳೆಯ ಡಿಎನ್‌ಎ. ಕೋಶ ಅದನ್ನು ಜೋಡಿ ಎಳೆ ಮಾಡಿಕೊಂಡ ಮೇಲೆಯೇ ಜೀನು ಕೆಲಸಕ್ಕೆ ಇಳಿಯುತ್ತದೆ. ಎರಡರಿಂದ ನಾಲ್ಕು ವಾರ ಕಾಯಿರಿ.

ಮೂರು ವಾರದ ನಂತರ ತೆಗೆದ ತೆಳು ಹೋಳಿನಲ್ಲಿ ಹೊಳಪು ಇಲ್ಲವೆಂದರೆ ಗಾಬರಿಯಿಂದ ಹೊಸ ವೆಕ್ಟರ್ ಮಾಡಲು ಹೊರಡಬೇಡಿ. ಕ್ರಮವಾಗಿ ಹಿಂದಕ್ಕೆ ನಡೆಯಿರಿ. ಸೂಜಿಯ ಜಾಡು ಸರಿಯಾದ ಜಾಗದಲ್ಲಿದೆಯೇ? ಸೂಜಿಯ ಬಾಯಿ ಕಟ್ಟಿಕೊಂಡಿತ್ತೇ? ಕ್ರೀ ಎಂಬ ಕಿಣ್ವ ಇದ್ದರೆ ಮಾತ್ರ ತೆರೆದುಕೊಳ್ಳುವ ಜೀನನ್ನು ಕ್ರೀ ಇಲ್ಲದ ಇಲಿಗೆ ಕೊಟ್ಟಿದ್ದೀರಾ? ಅದೇ ಪಾಲಿನ ಇನ್ನೊಂದು ಟ್ಯೂಬನ್ನು ಮತ್ತೆ ಎಣಿಸಿದರೆ ಹಳೆಯ ಅಂಕಿಯೇ ಬರುತ್ತದೆಯೇ? ಕಡಿಮೆ ಬಂದರೆ ಸಾಗಾಟವನ್ನು, ಫ್ರೀಜರನ್ನು ನೋಡಿ. ಮೊದಲ ಎಣಿಕೆಯೇ ಕಡಿಮೆಯಿತ್ತೆಂದರೆ ರಾಯಚೂರಿನಲ್ಲಿ ಓಡಿಸಿದ ಜೆಲ್ಲಿನ ಚಿತ್ರಕ್ಕೆ ಹಿಂದಿರುಗಿ. ಹೀಗೆ ಹಿಂದಕ್ಕೆ ನಡೆಯಬೇಕಾದರೆ ಪ್ರತಿ ಟ್ಯೂಬಿನ ಮೇಲೂ ನಾಲ್ಕು ವಿವರ ಇರಬೇಕು: ಪ್ಲಾಸ್ಮಿಡ್ಡಿನ ಹೆಸರು, ಕವಚದ ಬಗೆ, ಸಾಂದ್ರತೆ, ತಯಾರಾದ ದಿನಾಂಕ. ಮಾರ್ಕರಿನಿಂದ ಮುಚ್ಚಳದ ಮೇಲೆ ಬರೆದದ್ದು ಆಲ್ಕೊಹಾಲ್ ತಾಗಿದರೆ ಅಳಿಸಿಹೋಗುತ್ತದೆ. ಮೈನಸ್ 80ರಲ್ಲೂ ನಿಲ್ಲುವ ಅಂಟುಚೀಟಿಯನ್ನು ಟ್ಯೂಬಿನ ಬದಿಗೆ ಅಂಟಿಸಿ, ಅದೇ ವಿವರವನ್ನು ನೋಂದಣಿ ಪುಸ್ತಕದಲ್ಲಿ ಶಾಯಿಯಲ್ಲಿ ಬರೆಯಿರಿ.